ಬಿಳಿಚೋಡಿನ ಕಾಡಂಚಿನ ಸ್ವೀಡನ್ ಮನೆ

ಕಳೆದ ತಿಂಗಳು ಹೊನ್ನಾಳಿಯ ಬಣ್ಣದಂಗಡಿಯಲ್ಲಿ ಪ್ರೈಮರ್ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿದ್ದ ಬಡಗಿಯೊಬ್ಬರಿಗೆ ತೋರಿಸಲೆಂದು ಅಂಗಡಿಯವನು ಅಗಸೆ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಹಲ್ಲು ತಾನಾಗಿ ಕಚ್ಚಿಕೊಂಡಿತು. ಅಗಸೆ ಅಂದರೆ ನನ್ನ ತಾಯಿಗೆ ಚಟ್ನಿಪುಡಿ ನೆನಪಾಗುತ್ತದೆ. ನನಗೆ ನೆನಪಾಗುವುದು ಬಿಳಿಚೋಡಿನಾಚೆ ಕಾಡಿನ ಅಂಚಿನಲ್ಲಿ ನಾನು ನಿಂತು ಕಟ್ಟಿಸಿದ ಒಂದು ಮನೆ, ಅದರ ಹಲಗೆಗಳಿಗೆ ಆ ಎಣ್ಣೆ ಬಳಿದ ಬೇಸಿಗೆ, ಮತ್ತು ಇವತ್ತಿಗೂ ಆರದ ಒಂದು ಸಿಟ್ಟು. ಆ ಸಿಟ್ಟಿನಲ್ಲಿ ದೊಡ್ಡ ಪಾಲು ಬೇರೆಯವರ ಮೇಲಿನದು. ಉಳಿದದ್ದು ನನ್ನ ಮೇಲಿನದೇ.

ನಾನಾಗ ಸಿವಿಲ್ ಡಿಪ್ಲೊಮಾ ಮುಗಿಸಿ ಚನ್ನಗಿರಿಯ ಎಂಜಿನಿಯರೊಬ್ಬರ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಚಂದ್ರಣ್ಣ ಎಂಬ ಅಡಿಕೆ ಮಂಡಿಯ ಸಾಹುಕಾರರು ಒಂದು ದಿನ ಆಫೀಸಿಗೆ ಬಂದು, ನನ್ನ ಮೇಜಿನ ಮೇಲೆ ಫೋನಿಟ್ಟು, ಫೋಟೋ ಮೇಲೆ ಫೋಟೋ ಸರಿಸತೊಡಗಿದರು. ಮಂಡಿಯವರೆಲ್ಲ ಸೇರಿ ಯೂರೋಪ್ ಪ್ರವಾಸ ಹೋಗಿದ್ದಾಗ ಸ್ವೀಡನ್ನಿನಲ್ಲಿ ಎರಡು ದಿನ ಒಬ್ಬರ ಮನೆಯಲ್ಲಿ ಉಳಿದಿದ್ದರಂತೆ. ಕಡಿದಾದ ಮಾಡು, ಕಪ್ಪು ಹಲಗೆ ಹೊದಿಸಿದ ಗೋಡೆ, ಒಂದು ಬದಿ ನೆಲದಿಂದ ಸೂರಿನವರೆಗೆ ಗಾಜು, ಗಾಜಿನಾಚೆ ಕಾಡು.

"ಸುಜಾತಮ್ಮ, ಎರಡು ದಿನ ಅಲ್ಲಿ ನನ್ನ ಫೋನು ಒಂದು ಸಲ ಹೊಡಕೊಳ್ಳಲಿಲ್ಲ ಕಣಮ್ಮ. ಮಗು ಮಲಗಿದಂಗೆ ಮಲಗಿದ್ದೆ," ಎಂದರು. "ಬೆಳಿಗ್ಗೆ ಎದ್ದು ನೋಡ್ತೀನಿ, ಗಾಜಿನ ಮುಂದೆ ಒಬ್ಬ ಅಜ್ಜಿ ಬುಟ್ಟಿ ಹಿಡಕೊಂಡು ಹೋಗ್ತೈತೆ. ಇದ್ಯಾರು ಅಂತ ಮನೆಯವರನ್ನ ಕೇಳಿದ್ರೆ, ಯಾರೋ ಗೊತ್ತಿಲ್ಲ, ಕಾಡಿಗೆ ಹಣ್ಣು ಆರಿಸಾಕೆ ಹೊಂಟಿದ್ದಾರೆ ಅಂದ್ರು. ಕಾಂಪೌಂಡೇ ಇಲ್ಲಮ್ಮ ಅಲ್ಲಿ! ಕಾಡಿನಾಗೆ ಓಡಾಡಾಕೆ ಯಾರೂ ಯಾರನ್ನೂ ಕೇಳಂಗಿಲ್ಲಂತೆ."

ಹೇಳುವಾಗ ಅವರ ಮುಖ ನಿಜವಾಗಿಯೂ ಅರಳಿತ್ತು. ಕೆಟ್ಟ ಮನುಷ್ಯರಲ್ಲ ಅವರು. ನನಗೆ ಅವರ ಮೇಲೆ ಸಿಟ್ಟು ಇನ್ನೂ ಹೆಚ್ಚಾಗಿರುವುದು ಅದಕ್ಕೇ.

ಚನ್ನಗಿರಿಯ ಸುತ್ತ ತೋಟ ನೋಡಿ ನೋಡಿ ಕಣ್ಣೆಲ್ಲ ಹಸಿರಾಗಿದೆ, ನನಗೆ ಕಾಡು ಬೇಕು ಎಂದು ಅವರು ಜಗಳೂರು ತಾಲ್ಲೂಕಿನ ಬಿಳಿಚೋಡಿನ ಕಡೆ, ಕುರುಚಲು ಕಾಡಿಗೆ ಹೊಂದಿಕೊಂಡಂತೆ ನಾಲ್ಕೆಕರೆ ಕೊಂಡಿದ್ದರು. ಮನೆಯ ವಿನ್ಯಾಸವನ್ನು ಬೆಂಗಳೂರಿನ ಆರ್ಕಿಟೆಕ್ಟ್ ಒಬ್ಬರು ಮಾಡುತ್ತಿದ್ದರು. ಅವರು ಕಳಿಸಿದ್ದನ್ನು ಪಂಚಾಯಿತಿಗೆ ಕೊಡುವ ನಕ್ಷೆಯಾಗಿ ಬರೆಯುವುದು, ಆಮೇಲೆ ಸೈಟಿನಲ್ಲಿ ನಿಂತು ಕೆಲಸ ಮಾಡಿಸುವುದು ನನ್ನ ಪಾಲಿಗೆ ಬಂತು.

ಜಾಗದ ಹಳೆಯ ಗ್ರಾಮ ನಕ್ಷೆ ತರಿಸಿದಾಗ ಅದರಲ್ಲಿ ಒಂದು ಚುಕ್ಕಿ ಗೆರೆ ಕಂಡಿತು. ಚುಕ್ಕಿ ಗೆರೆ ಅಂದರೆ ಜನ, ದನ ಓಡಾಡುವ ದಾರಿ. ಊರ ಕಡೆಯಿಂದ ಹೊರಟು, ಈ ನಾಲ್ಕೆಕರೆಯ ಉತ್ತರದ ಮೂಲೆಯನ್ನು ಹಾದು, ಕಾಡಿನ ಬುಡದಲ್ಲಿ ದನಕರು ನೀರು ಕುಡಿಯುವ ಗೋಕಟ್ಟೆಗೆ ಹೋಗುತ್ತಿತ್ತು. ಆರ್ಕಿಟೆಕ್ಟ್ ಗಾಜಿನ ಕೋಣೆಯ ಮುಂದೆ ಬರೆದಿದ್ದ ಹಲಗೆಯ ಜಗಲಿ ಸರಿಯಾಗಿ ಆ ಗೆರೆಯ ಮೇಲೇ ಕೂತಿತ್ತು. ನಾನು ಕಂಪ್ಯೂಟರಿನಲ್ಲಿ ಅದನ್ನು ಕೆಂಪು ಬಣ್ಣದಲ್ಲಿ ಬರೆದು ನಮ್ಮ ಎಂಜಿನಿಯರ್ ಸಾಹೇಬರಿಗೆ ತೋರಿಸಿದೆ.

ಅವರು ಟೀ ಕುಡಿಯುತ್ತಲೇ ಹೇಳಿದರು. "ಅದೆಲ್ಲ ಅಜ್ಜನ ಕಾಲದ್ದಮ್ಮ. ಈಗ ಯಾರು ನಡೀತಾರೆ? ಆ ಲೇಯರ್ ಆಫ್ ಮಾಡಿ ಪ್ರಿಂಟ್ ತಗಿ."

ಯಾರಾದರೂ ನಡೆಯುತ್ತಾರೋ ಇಲ್ಲವೋ ಎಂದು ನಾನು ಹೋಗಿ ನೋಡಿರಲಿಲ್ಲ. ಅವರೂ ನೋಡಿರಲಿಲ್ಲ. ನಾನು ಲೇಯರ್ ಆಫ್ ಮಾಡಿದೆ, ಕೆಂಪು ಗೆರೆ ಹಾಳೆಯಿಂದ ಮಾಯವಾಯಿತು. ಒಂದು ಗುಂಡಿ ಒತ್ತಿದ್ದು, ಅಷ್ಟೇ. ನಕ್ಷೆ ಮಂಜೂರಾಯಿತು.

ದೀಪಾವಳಿ ಕಳೆದು ಪಾಯ ತೋಡಿದರು. ನಾನು ಬಿಳಿಚೋಡಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದೆ. ಕೆರೆಬಿಳಚಿಯ ರಫೀಕ್ ಮೇಸ್ತ್ರಿ ತಮ್ಮ ಆಳುಗಳೊಂದಿಗೆ ಬಂದು ಸೈಟಿನಲ್ಲೇ ತಗಡಿನ ಶೆಡ್ ಹಾಕಿಕೊಂಡರು. ಗಡ್ಡ ನೆರೆತ, ಮಾತು ಕಡಿಮೆಯ ಮನುಷ್ಯ. ಅವರು ಕಟ್ಟಿದ ಗೋಡೆಗೆ ತೂಗುಗುಂಡು ಹಿಡಿದು ನೋಡುವುದು ಅವರಿಗೆ ಅವಮಾನ ಮಾಡಿದಂತೆ ಎಂದು ನನಗೆ ಮೊದಲ ವಾರವೇ ತಿಳಿಯಿತು.

ಕೆಲಸ ಶುರುವಾದ ಮೂರನೆಯ ದಿನ ಬೆಳಿಗ್ಗೆ ನಲವತ್ತೈವತ್ತು ಆಡುಗಳ ಹಿಂಡು ಪಾಯದ ಗುಂಡಿಗಳ ಪಕ್ಕದಲ್ಲೇ ಧೂಳೆಬ್ಬಿಸುತ್ತ ಹಾದುಹೋಯಿತು. ಹಿಂದೆ ಒಬ್ಬ ಹೆಂಗಸು, ಹೆಗಲ ಮೇಲೆ ಕೋಲು, ಸೊಂಟಕ್ಕೆ ಸಿಕ್ಕಿಸಿದ ಕುಡಗೋಲು. ಹನುಮಕ್ಕ. ಅರವತ್ತರ ಆಸುಪಾಸು. ಅವಳ ಹಿಂದೆ ಇನ್ನೊಂದು ಹಿಂಡು, ಮತ್ತೊಂದು. ಯಾರೂ ನಡೆಯದ ದಾರಿಯಲ್ಲಿ ಮಧ್ಯಾಹ್ನದೊಳಗೆ ಅರ್ಧ ಊರು ನಡೆದಿತ್ತು. ನಾನು ಸಾಹೇಬರಿಗೆ ಫೋನ್ ಮಾಡಿದೆ. "ಕೆಲಸ ನಡೀಲಿ, ಆಮೇಲೆ ನೋಡಾಣ," ಎಂದರು.

ಹನುಮಕ್ಕ ದಿನಾ ಬಿಸಿಲೇರುವ ಹೊತ್ತಿಗೆ ದಾರಿ ಬದಿಯ ಹೊಂಗೆ ಮರದ ಕೆಳಗೆ ಕೂತು ರೊಟ್ಟಿ ಬಿಚ್ಚುತ್ತಿದ್ದಳು. ಅರ್ಧ ಮುರಿದು ನನಗೂ ಕೊಡುತ್ತಿದ್ದಳು. ಮನೆಯ ಒಂದೊಂದು ಕೋಣೆಯನ್ನೂ ಕೇಳಿ ತಿಳಿದುಕೊಂಡಳು. ಗಾಜಿನ ಗೋಡೆಯ ವಿಷಯ ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

"ಒಳಗಿನವರು ಕಾಡು ನೋಡಾಕೆ ಅಂತೀಯಲ್ಲ, ಹೊರಗಿನವರು ಒಳಗಿನವರನ್ನ ನೋಡಾಕಿಲ್ಲೇನೇ ಯವ್ವಾ? ಸೀರೆ ಎಲ್ಲಿ ಉಟ್ಕಂತಾರೆ?"

ರಫೀಕ್ ಮೇಸ್ತ್ರಿಗೆ ಮಾಡಿನ ಚಿಂತೆ. "ಮೇಡಂ, ಮಾಡು ಇಷ್ಟು ಕಡಿದಾಗಿ ಯಾಕ್ರೀ?"

"ಹಿಮ ಬಿದ್ರೆ ನಿಲ್ಲದೆ ಜಾರಿ ಹೋಗಾಕಂತೆ, ಮೇಸ್ತ್ರಿ."

ಅವರು ಕರಣೆ ಕೆಳಗಿಟ್ಟರು. "ಬಿಳಿಚೋಡಿನಾಗಾ? ಇಲ್ಲಿ ಮಳೆ ಬಂದ್ರೇ ಜನ ಹೊರಗೆ ಬಂದು ನಿಂತು ನೋಡ್ತಾರಲ್ರೀ!"

ಆಗ ನಾವಿಬ್ಬರೂ ನಕ್ಕೆವು. ಆದರೆ ರಾತ್ರಿ ಊಟ ಮಾಡುವಾಗ ನನಗೆ ನಗು ಬರಲಿಲ್ಲ. ನಕ್ಷೆಯನ್ನು ನೋಡಿದಷ್ಟೂ ಕೆಡುಕೆನಿಸುತ್ತಿತ್ತು. ಆ ದೇಶದವರು ಮನೆ ಕಟ್ಟಿಕೊಂಡದ್ದು ಎಷ್ಟು ಯೋಚಿಸಿ! ಚಳಿಗಾಲವೆಲ್ಲ ಸೂರ್ಯ ಸರಿಯಾಗಿ ಮುಖ ತೋರಿಸದ ಕಡೆ ಬಿಸಿಲನ್ನು ಒಳಕ್ಕೆ ಕರೆಯಲು ಗಾಜು. ಶಾಖ ಹಿಡಿದಿಡಲು ಕಪ್ಪು. ಹಿಮಕ್ಕೆ ಕಡಿದಾದ ಮಾಡು. ಕಾಡಿನಲ್ಲಿ ಕೈಗೆ ಸಿಗುವ ಮರವೇ ಗೋಡೆ. ಅವರ ಮನೆಯಿಂದ ಕಲಿಯಬೇಕಾದದ್ದು ಆ ಯೋಚನೆಯನ್ನು. ನಾವು ಫೋಟೋ ಕಲಿತೆವು. ಬಿಳಿಚೋಡಿನ ಬೇಸಿಗೆಯಲ್ಲಿ, ಪಶ್ಚಿಮಕ್ಕೆ, ಕಾಡು ಆ ಕಡೆ ಇದೆಯೆಂಬ ಒಂದೇ ಕಾರಣಕ್ಕೆ ಹದಿನೆಂಟಡಿ ಗಾಜು! ಅದಕ್ಕೆ ನೆರಳು ಕೊಡಲು ಸೂರು ಒಂದಡಿಯೂ ಮುಂದಕ್ಕೆ ಚಾಚಿಲ್ಲ. ಗೆದ್ದಲು ಮೂರೇ ವರ್ಷದಲ್ಲಿ ತಿಂದು ತೇಗುವಂಥ ಪೈನ್ ಹಲಗೆ ಹಡಗಿನಲ್ಲಿ ಬರಬೇಕು. ಒಲೆಗೂಡು ಬೇರೆ, ಚಳಿ ಕಾಯಿಸಲು!

ಮೂರು ಭಾನುವಾರ ಕೂತು ನಾನೇ ಒಂದು ನಕ್ಷೆ ಬರೆದೆ. ಎರಡಡಿ ದಪ್ಪದ ಸೈಜುಗಲ್ಲಿನ ಗೋಡೆ. ತಗ್ಗಿನ ಹೆಂಚಿನ ಮಾಡು, ಪಶ್ಚಿಮಕ್ಕೆ ಎಂಟಡಿ ಚಾಚಿದ ನೆರಳು, ಆ ನೆರಳಲ್ಲಿ ಕಲ್ಲಿನ ಕಟ್ಟೆ. ಕಾಡು ಕಾಣಲು ಕೂತವರ ಕಣ್ಣಿನ ಮಟ್ಟಕ್ಕೆ ಉದ್ದನೆಯ, ಗಿಡ್ಡನೆಯ ಕಿಟಕಿ. ಹೊಂಗೆ ಮರ ಇದ್ದಲ್ಲೇ. ಅದರ ಪಕ್ಕ ದಾರಿ ಇದ್ದಲ್ಲೇ, ಆಡುಗಳಿಗೊಂದು ನೀರಿನ ತೊಟ್ಟಿ. ಸ್ವೀಡನ್ನಿನವರು ಬಿಳಿಚೋಡಿನಲ್ಲಿ ಹುಟ್ಟಿದ್ದರೆ ಕಟ್ಟಿಕೊಳ್ಳುತ್ತಿದ್ದದ್ದು ಇಂಥದ್ದನ್ನೇ ಎಂದು ನನಗೆ ಇವತ್ತಿಗೂ ನಂಬಿಕೆ.

ಚಂದ್ರಣ್ಣ ಸೈಟಿಗೆ ಬಂದಾಗ ತೋರಿಸಿದೆ. ಅವರು ಕಾರಿನ ಬಾನೆಟ್ಟಿನ ಮೇಲೆ ಹಾಳೆ ಹರಡಿಕೊಂಡು ನೋಡಿದರು.

"ಇದು ನಮ್ಮಜ್ಜನ ಮನಿ ಆತಲ್ಲಮ್ಮ!"

"ತಂಪಾಗಿರ್ತೈತೆ ಸರ್. ಆ ಗಾಜಿನ ಕೋಣೆ ಬೇಸಿಗೆಯಾಗೆ ಕೂರಾಕೆ ಆಗಲ್ಲ."

"ಏಸಿ ಐತಲ್ಲ. ನೀನು ಓದಿದ್ದು ಕಟ್ಟಾಕೆ. ಡಿಸೈನ್ ಮಾಡಾಕೆ ಅವರು ಅದಾರೆ." ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಕೈಗೇ ಕೊಟ್ಟರು. ನಗುತ್ತಲೇ ಕೊಟ್ಟರು. ಆ ನಗು ನನಗೆ ಬೈಗುಳಕ್ಕಿಂತ ಚುಚ್ಚಿತು.

ಸಂಕ್ರಾಂತಿ ಕಳೆದ ಮೇಲೆ ಕಾಂಪೌಂಡ್ ಕಟ್ಟಿರೆಂದು ಹೇಳಿಕಳಿಸಿದರು. ಏಳಡಿ ಎತ್ತರ, ಮೇಲೆ ತಂತಿ, ರಸ್ತೆಯ ಕಡೆ ಒಂದೇ ಗೇಟು, ಹಿಂದೆ ಬೀಗ ಹಾಕುವ ಒಂದು ಸಣ್ಣ ಬಾಗಿಲು. ನಾನು ಚನ್ನಗಿರಿಗೇ ಹೋಗಿ ಮಂಡಿಯಲ್ಲಿ ಅವರ ಮುಂದೆ ನಿಂತೆ.

"ಸರ್, ಆ ಮೂಲೆಯಾಗೆ ದಾರಿ ಐತೆ. ಊರಿನ ಆಡು, ದನ ಎಲ್ಲ ಅಲ್ಲೇ ನೀರಿಗೆ ಹೋಗ್ತಾವೆ. ಅಷ್ಟು ಜಾಗ ಬಿಟ್ಟು ಕಟ್ಟಾಣ."

"ನಕ್ಷೆಯಾಗೆ ದಾರಿ ಐತೇನಮ್ಮ?"

ನಾನು ತಲೆ ತಗ್ಗಿಸಿದೆ. ಆಮೇಲೆ ಧೈರ್ಯ ಮಾಡಿ ಕೇಳಿದೆ. "ಸ್ವೀಡನ್ನಿನಾಗೆ ಆ ಅಜ್ಜಿ ಮನೆ ಮುಂದೇ ಹಾದು ಹೋದ್ಲು ಅಂದ್ರಿ. ಕಾಂಪೌಂಡೇ ಇಲ್ಲ ಅಂತ ಅಷ್ಟು ಖುಷಿಯಾಗಿ ಹೇಳಿದ್ರಲ್ಲ ಸರ್."

ಚಂದ್ರಣ್ಣ ತೂಕದ ಚೀಟಿಯಿಂದ ತಲೆಯೆತ್ತಿದರು. "ಅದು ಆ ದೇಶ ಕಣಮ್ಮ. ಇವರು ಆ ಅಜ್ಜಿನಾ?"

ಎಷ್ಟೋ ವರ್ಷ ಕಳೆದರೂ ಆ ಮಾತು ನನ್ನೊಳಗೆ ಕೂತಿದೆ. ಅಲ್ಲಿ ಗೊತ್ತಿಲ್ಲದ ಮುದುಕಿ ಬುಟ್ಟಿ ಹಿಡಿದು ಹೋದರೆ ಅದು ನೋಡುವಂಥ ಚೆಂದ. ಇಲ್ಲಿ ಗೊತ್ತಿರುವ ಹೆಂಗಸು ಆಡು ಹೊಡೆದುಕೊಂಡು ಹೋದರೆ ಅದು ಗಲೀಜು. ಸಾವಿರಾರು ಮೈಲಿ ಆಚೆಯಿಂದ ಹಲಗೆ ತಂದರು, ಗಾಜಿನ ಚೌಕಟ್ಟು ತಂದರು, ಬಾಗಿಲ ಹಿಡಿಕೆ ತಂದರು. ಮನುಷ್ಯರಿಗೆ ದಾರಿ ಬಿಡುವ ಬುದ್ಧಿಯೊಂದನ್ನು ಅಲ್ಲೇ ಬಿಟ್ಟು ಬಂದರು.

ಗೋಡೆ ಎದ್ದಿತು. ಉತ್ತರದ ಮೂಲೆ ಮುಚ್ಚಿದ ದಿನ ಹನುಮಕ್ಕ ಹಿಂಡಿನೊಂದಿಗೆ ಗೋಡೆಯ ಆಚೆ ತುಂಬ ಹೊತ್ತು ನಿಂತಿದ್ದಳು. ಆಡುಗಳು ಗೋಡೆ ಮೂಸಿ ಮೂಸಿ ಕೂಗುತ್ತಿದ್ದವು. ಆಮೇಲೆ ಅವಳು ಹಿಂಡು ತಿರುಗಿಸಿಕೊಂಡು ಟಾರು ರಸ್ತೆಯ ಕಡೆ ನಡೆದಳು. ಸುತ್ತಿಬಳಸಿ ಗೋಕಟ್ಟೆ ಮುಟ್ಟಲು ಹೋಗುತ್ತಾ ಒಂದೂವರೆ ತಾಸು, ಬರುತ್ತಾ ಒಂದೂವರೆ ತಾಸು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅವಳ ಗಬ್ಬದ ಆಡೊಂದು ರಸ್ತೆ ಬದಿ ಮಲಗಿದ್ದು ಮತ್ತೆ ಏಳಲಿಲ್ಲ.

ಅದು ಸತ್ತ ಮರುದಿನ ಅವಳು ಗೇಟಿನ ಹತ್ತಿರ ಬಂದು ನನ್ನನ್ನು ಕರೆಸಿದಳು. ಪಂಚಾಯಿತಿಗೆ ಹೋಗಿ ಬಂದಿದ್ದಳು.

"ಯವ್ವಾ, ನಕ್ಷೆಯಾಗೆ ದಾರಿನೇ ಇಲ್ಲ ಅಂತಾರೆ. ನಕ್ಷೆ ಬರೆದಾಕಿ ನೀನೇ ಅಂತೆ. ಹೌದಾ?"

"ಮೇಲಿನವರನ್ನ ಕೇಳಬೇಕು, ಹನುಮಕ್ಕ," ಎಂದೆ.

ಅವಳು ಕೋಲು ಹೆಗಲಿಗೇರಿಸಿ ಹೊರಟುಹೋದಳು. ಅವತ್ತಿನಿಂದ ರಸ್ತೆಯಲ್ಲಿ ಎದುರಾದರೂ ರೊಟ್ಟಿ ತಿನ್ನಲು ನನ್ನನ್ನು ಕರೆಯಲಿಲ್ಲ. ರಫೀಕ್ ಮೇಸ್ತ್ರಿ ಎಲ್ಲ ಕೇಳಿಸಿಕೊಂಡಿದ್ದರು. ಸಂಜೆ ಕೈಕಾಲು ತೊಳೆಯುತ್ತ ಹೇಳಿದರು. "ನೀವು ಗೆರೆ ಎಳದ್ರಿ, ನಾನು ಗ್ವಾಡೆ ಕಟ್ಟಿದೆ. ಇಬ್ಬರದ್ದೂ ಒಂದೇ ಗುನ್ನೆ, ಮೇಡಂ."

ಏಪ್ರಿಲ್ ತುಂಬ ಹಲಗೆಗಳಿಗೆ ಕಪ್ಪು ಬೆರೆಸಿದ ಅಗಸೆ ಎಣ್ಣೆ ಬಳಿದರು. ಆ ವಾಸನೆ ನನ್ನ ಸೀರೆಗೆ, ತಲೆಗೂದಲಿಗೆ, ಕುಡಿಯುವ ನೀರಿಗೆ ಹತ್ತಿಕೊಂಡಿತು.

ಗೃಹಪ್ರವೇಶ ಬಸವ ಜಯಂತಿಯ ದಿನ. ಚನ್ನಗಿರಿ, ತ್ಯಾವಣಿಗೆ, ಹೊನ್ನಾಳಿ, ಎಲ್ಲ ಕಡೆಯಿಂದ ನೆಂಟರು ಬಂದಿದ್ದರು. ಪೂಜೆ ಬೆಳಿಗ್ಗೆಯೇ ಚೆನ್ನಾಗಿ ನಡೆಯಿತು. ಹನ್ನೆರಡರ ಹೊತ್ತಿಗೆ ಗಾಜಿನ ಕೋಣೆ ಬಿಸಿಯೇರತೊಡಗಿತು. ಎರಡಕ್ಕೆ ಅದು ಭಟ್ಟಿ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಜನರೇಟರ್ ಏಸಿಯ ಭಾರ ಎಳೆಯಲಿಲ್ಲ. ರೇಷ್ಮೆ ಸೀರೆಯ ಹೆಂಗಸರು ಕುಂಕುಮ ಕರಗಿ ಮೂಗಿಗಿಳಿಯುತ್ತಿದ್ದರೂ ಸ್ವಲ್ಪ ಹೊತ್ತು ಮರ್ಯಾದೆಗೆ ಕೂತರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋಗಿ ಹೊಂಗೆ ಮರದ ನೆರಳಿಗೆ ಕುರ್ಚಿ ಎಳೆದುಕೊಂಡರು. ಚಂದ್ರಣ್ಣನವರ ತಾಯಿಯಂತೂ ಮರದ ಬೇರಿಗೆ ತಲೆ ಕೊಟ್ಟು ನಿದ್ದೆ ಹೋದರು. ಹೋಳಿಗೆ ಊಟ ನಡೆದದ್ದೂ ಅಲ್ಲೇ.

ಕಾರುಗಳು ಬರುತ್ತಾ ಹೋಗುತ್ತಾ ಇದ್ದದ್ದರಿಂದ ಗೇಟು ಹಾರುಹೊಡೆದಿತ್ತು. ಹನುಮಕ್ಕ ಬಾಯಾರಿದ ಹಿಂಡಿನೊಂದಿಗೆ ರಸ್ತೆಯಲ್ಲಿ ಹೋಗುತ್ತಿದ್ದವಳು ಗೇಟು ತೆರೆದದ್ದು ನೋಡಿದಳು. ಗೋಕಟ್ಟೆಯ ಕಡೆ ಕಾಂಪೌಂಡಿನ ಹಿಂಬಾಗಿಲನ್ನೂ ಅಡುಗೆಯವರು ನೀರು ಚೆಲ್ಲಲೆಂದು ತೆರೆದಿದ್ದರು. ಅವಳು ಹಿಂಡನ್ನು ಒಳಗೆ ತಿರುಗಿಸಿದಳು. ಯಾರಿಗೂ ತೊಂದರೆಯಾಗದ ಹಾಗೆ, ಮರದ ಕೆಳಗಿನ ಊಟದ ಸಾಲಿಗೆ ತಾಗದೆ, ತನ್ನ ಹಳೆಯ ದಾರಿಯಲ್ಲೇ ನಡೆಸಿಕೊಂಡು ಬಂದಳು. ನಾನು ನೋಡುತ್ತಲೇ ಇದ್ದೆ. ಹಿಂಡು ಹಲಗೆಯ ಜಗಲಿಯ ಮೇಲೆ ಟಕಟಕ ಸದ್ದು ಮಾಡುತ್ತ ಏರಿತು. ಮುಂದಿದ್ದ ದೊಡ್ಡ ಹೋತ ತಟ್ಟನೆ ನಿಂತಿತು. ಗಾಜಿನಲ್ಲಿ ಅದಕ್ಕೆ ಇನ್ನೊಂದು ಹೋತ ಕಂಡಿತ್ತು. ಅದು ನಾಲ್ಕು ಹೆಜ್ಜೆ ಹಿಂದೆ ಸರಿದು, ಮುಂಗಾಲೆತ್ತಿ, ತಲೆ ತಗ್ಗಿಸಿ ಗುದ್ದಿತು. ಒಂದು ಸಲಕ್ಕೆ ಏನೂ ಆಗಲಿಲ್ಲ. ಎರಡನೆಯ ಗುದ್ದು ಮೂಲೆಗೆ ಬಿತ್ತು. ಹದಿನೆಂಟಡಿಯ ಒಂದು ಭಾಗ ಪೂರ್ತಿ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಸುರಿಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೋತವನ್ನು ಮರಕ್ಕೆ ಕಟ್ಟಿದರು. ಅದರ ಹಣೆಯಿಂದ ರಕ್ತ ಸೋರುತ್ತಿತ್ತು. ಚಂದ್ರಣ್ಣನವರ ಅಳಿಯ ಹನುಮಕ್ಕನ ಕೈಯ ಕೋಲು ಕಿತ್ತು ಎಸೆದ. "ಬೇಕಂತಲೇ ಹೊಡಕೊಂಡು ಬಂದಾಳೆ" ಎಂದು ಒಬ್ಬರು. "ಹೊಟ್ಟೆಕಿಚ್ಚು" ಎಂದು ಇನ್ನೊಬ್ಬರು. ಇದೇ ಜನ ಸ್ವಲ್ಪ ಹೊತ್ತಿನ ಹಿಂದಷ್ಟೇ ಆ ಕೋಣೆಯಿಂದ ತಪ್ಪಿಸಿಕೊಂಡು ಓಡಿಬಂದವರು! ಪೊಲೀಸರಿಗೆ ಫೋನ್ ಹೋಯಿತು. ಹನುಮಕ್ಕ ಬಿಸಿಲಲ್ಲಿ ಕೂತಿದ್ದಳು. ಇಷ್ಟು ಜನರಲ್ಲಿ ಒಬ್ಬರೂ ಅವಳಿಗೆ ನೀರು ಕೊಡಲಿಲ್ಲ. ರಫೀಕ್ ಮೇಸ್ತ್ರಿ ಒಬ್ಬರೇ ಒಂದು ಚೊಂಬು ತಂದು ಮುಂದಿಟ್ಟು, ಅವಳ ಪಕ್ಕದಲ್ಲೇ ನಿಂತರು.

ಬಂದ ಸಬ್ ಇನ್ಸ್‌ಪೆಕ್ಟರ್ ಎಳೆಯ ವಯಸ್ಸಿನವರು. ಎಲ್ಲರ ಮಾತೂ ಕೇಳಿದರು. ಆಮೇಲೆ ಹನುಮಕ್ಕನನ್ನು ಕೇಳಿದರು. "ಇನ್ನೊಬ್ಬರ ಮನೆಯೊಳಗೆ ಯಾಕಮ್ಮ ಬಂದೆ?"

"ನಾನು ಮನೆಯೊಳಗೆ ಬಂದಿಲ್ಲ ಸ್ವಾಮಿ. ದಾರಿ ಮ್ಯಾಲೆ ಹೊಂಟಿದ್ದೆ. ಮನೆನೇ ದಾರಿ ಮ್ಯಾಲೆ ಬಂದೈತೆ."

ಒಂದಿಬ್ಬರು ನಕ್ಕರು. ಚಂದ್ರಣ್ಣ ನಗಲಿಲ್ಲ. "ಇಲ್ಲಿ ಯಾವ ದಾರಿನೂ ಇಲ್ಲ ಸರ್. ಮಂಜೂರಾದ ನಕ್ಷೆ ಐತೆ. ಬೇಕಾದ್ರೆ ಬರೆದವರನ್ನೇ ಕೇಳ್ರಿ, ಇಲ್ಲೇ ಅದಾರೆ."

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ನಮ್ಮ ಸಾಹೇಬರು ಕೊನೆಯ ಪಂಕ್ತಿಯಲ್ಲಿ ಬಾಳೆಲೆಯ ಮುಂದೆ ಕೂತಿದ್ದವರು ನನ್ನನ್ನೇ ನೋಡುತ್ತ ಬಹಳ ಸಣ್ಣಗೆ ತಲೆಯಾಡಿಸಿದರು. ಬೇಡ ಎಂದು.

"ಹೇಳಮ್ಮ, ಇಲ್ಲಿ ದಾರಿ ಐತಾ?" ಎಂದರು ಸಬ್ ಇನ್ಸ್‌ಪೆಕ್ಟರ್.

ಹನುಮಕ್ಕ ನನ್ನತ್ತ ನೋಡಲೂ ಇಲ್ಲ. ನಾನು ಸುಳ್ಳು ಹೇಳುತ್ತೇನೆಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ನನಗೆ ಎಲ್ಲಿಲ್ಲದ ರೋಷ ಬಂದದ್ದು ಅದನ್ನು ಕಂಡೇ. ಅವಳ ಮೇಲಲ್ಲ, ಅವಳು ಹಾಗೆ ತೀರ್ಮಾನಿಸುವಂತೆ ಬದುಕಿದ ನನ್ನ ಮೇಲೆ.

"ಐತೆ ಸರ್," ಎಂದೆ. ದನಿ ಜೋರಾಗಿಯೇ ಬಂತು. "ಗ್ರಾಮ ನಕ್ಷೆಯಾಗೆ ಚುಕ್ಕಿ ಗೆರೆ ಐತೆ. ಆ ಜಗಲಿ ಐತಲ್ಲ, ಅದರ ಮ್ಯಾಲೇ ಹೋಗ್ತೈತೆ. ನಾನೇ ಅದನ್ನ ಅಳಿಸಿ ನಕ್ಷೆ ಬರೆದೆ. ಅಳಿಸು ಅಂದವರು ಇಲ್ಲೇ ಊಟ ಮಾಡ್ತಾ ಅದಾರೆ."

ಸಬ್ ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿ, ಇದು ತಹಶೀಲ್ದಾರರ ಹತ್ತಿರ ತೀರ್ಮಾನವಾಗಬೇಕಾದದ್ದು ಎಂದು ಹೇಳಿ, ಹೋತವನ್ನು ಬಿಚ್ಚಿಸಿದರು. ಚಂದ್ರಣ್ಣ ನನ್ನ ಹತ್ತಿರ ಬಂದರು. ಬೈಯಲಿಲ್ಲ. "ನನ್ನ ಮನಿ ಹೋಳಿಗೆ ಉಂಡ ಬಾಯಾಗೇ ಹೇಳಿದ್ಯಲ್ಲಮ್ಮ," ಎಂದರು. ನಿಜವಾಗಿ ನೊಂದಿದ್ದರು. ನನಗೆ ಅಳು ಬಂತು. ಆದರೆ ಆ ನೋವಿಗೂ ನನಗೆ ಸಿಟ್ಟೇ ಬಂತು. ಅಷ್ಟು ದಿನ ಬಿಸಿಲಲ್ಲಿ ನಡೆದವಳ ನೋವು ಕಾಣದ ಕಣ್ಣಿಗೆ ತನ್ನದು ಮಾತ್ರ ಕಾಣುವುದೆಂದರೆ ಏನು?

ನಮ್ಮ ಸಾಹೇಬರು ಮಾರನೆಯ ದಿನ ಬರಬೇಡವೆಂದರು. ಬಹಳ ತಿಂಗಳು ಕೆಲಸವಿರಲಿಲ್ಲ. ಆಮೇಲೆ ನ್ಯಾಮತಿಯಲ್ಲಿ ಒಂದು ಸಣ್ಣ ಕೋಣೆ ಹಿಡಿದು ನನ್ನದೇ ಬೋರ್ಡು ಹಾಕಿದೆ. ಈಗಲೂ ಅಲ್ಲೇ ಇದ್ದೇನೆ. ಕಾಡಂಚಿನ ಮನೆಗೆ ಚಂದ್ರಣ್ಣ ಹೊಸ ಗಾಜು ಹಾಕಿಸಿದರು, ಅದರ ಹಿಂದೆ ದಪ್ಪ ಪರದೆ ಹಾಕಿಸಿದರು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬಂದು ಹೋಗುತ್ತಾರಂತೆ. ಕಾಡು ನೋಡಲು ಕಟ್ಟಿದ ಮನೆಯಿಂದ ಕಾಡು ಕಾಣುವುದಿಲ್ಲ.

ತಹಶೀಲ್ದಾರರು ಹೇಳಿದ ಸರ್ವೆ ನಡೆದದ್ದು ಅದೇ ವರ್ಷ ಮಳೆಗಾಲದ ಶುರುವಿನಲ್ಲಿ. ಕೆಲಸವಿಲ್ಲದಿದ್ದರೂ ನಾನು ಹೋಗಿದ್ದೆ, ಗ್ರಾಮ ನಕ್ಷೆಯ ಪ್ರತಿಯೊಂದಿಗೆ. ಸರ್ವೇಯರ್ ಸರಪಳಿ ಎಳೆದು ಗುರುತು ಹಾಕಿದರು. ಗೋಡೆ ಎರಡು ಕಡೆ ಒಡೆಯಬೇಕು, ಜಗಲಿಯ ಅರ್ಧ ತೆಗೆಯಬೇಕು ಎಂದಾಯಿತು. ವಾರ ಕಳೆದು ಒಡೆಯುವ ದಿನವೂ ಹೋದೆ, ಯಾರನ್ನೋ ಕರೆಸುತ್ತಾರೆಂದುಕೊಂಡಿದ್ದೆ. ನೋಡಿದರೆ ರಫೀಕ್ ಮೇಸ್ತ್ರಿಯೇ ಕೆರೆಬಿಳಚಿಯಿಂದ ಬಸ್ಸು ಹತ್ತಿ ಬಂದಿದ್ದರು. "ಇನ್ನೊಬ್ಬರು ಒಡೆದ್ರೆ ಪೂರ್ತಿ ಗ್ವಾಡೆ ಬಿರುಕು ಬಿಡ್ತೈತೆ," ಎಂದು ಸುತ್ತಿಗೆ ಕೈಗೆ ತೆಗೆದುಕೊಂಡರು. ತಾವೇ ಕಟ್ಟಿದ ಗೋಡೆ, ಎಲ್ಲಿ ಹೊಡೆದರೆ ಎಷ್ಟು ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಮಧ್ಯಾಹ್ನದೊಳಗೆ ಎರಡೂ ಕಡೆ ಎಂಟಡಿ ಅಗಲದ ಬಾಯಿ ತೆರೆಯಿತು.

ಊರಿನ ಹಿಂಡುಗಳು ಬಂದವು. ಎಲ್ಲಕ್ಕಿಂತ ಮುಂದೆ ಹನುಮಕ್ಕ. ಹೋತದ ಹಣೆಯ ಗಾಯ ಒಣಗಿತ್ತು. ಅವಳು ನನ್ನ ಎದುರಿಗೆ ಬಂದು ನಿಂತಾಗ, ಏನಾದರೂ ಒಳ್ಳೆಯ ಮಾತಾಡುತ್ತಾಳೆಂದು ನಾನು ಕಾದೆ. ನಾಚಿಕೆಯಿಲ್ಲದೆ ಕಾದೆ.

"ಇದ್ದ ದಾರಿನ ಐತೆ ಅಂತ ಹೇಳಾಕೆ," ಎಂದಳು ಹನುಮಕ್ಕ, "ನಿನಗೆ ಒಂದು ಬ್ಯಾಸಿಗೆ ಹಿಡೀತಲ್ಲೇ ಯವ್ವಾ. ನನ್ನ ಗಬ್ಬದ ಆಡು ಹೋತು."

ಹಿಂದಿನಿಂದ ಆಡುಗಳು ನೂಕುತ್ತಿದ್ದವು. ಊರ ಕಡೆ ಗೋಡೆಯಲ್ಲಿ ತೆರೆದ ಆ ಬಾಯಿಯ ನಡುವೆಯೇ ನಾನು ನಿಂತಿದ್ದೆ.

"ಸರೀ ಅತ್ಲಾಗೆ," ಎಂದಳು.

ನಾನು ಸರಿದು ನಿಂತೆ.